ಬಹುಶಃ ದೇವತೆ

ಹಿರಿಯೂರು ಬಸ್‌ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಯಲ್ಲಿ
ಹತ್ತು ರೂಪಾಯಿಗೆ ಇಳಿದು ಬಂದಳು
ಹಾಲೆಂಡಿನ ಗಾಜುಪೆಟ್ಟಿಗೆಯವಳು.
ಕಾಲಡಿ ಚೀಟಿ: ಆಡಿನ ತೊಗಲು. ಹೆಣ್ಣು ಆಕೃತಿ.
ಬಹುಶಃ ದೇವತೆ.

ಯಲ್ಲೂಬಾಯಿ ಅಜ್ಜಿ ಹಾಳೆಯನ್ನು ಮೂಗಿನ ಹತ್ತಿರ ತಂದು
ಬಾಯೊಳಗಿನ ಎಲೆಅಡಿಕೆ ಚೆಲ್ಲುವಷ್ಟು ನಕ್ಕಳು.
ದೇವತೆಯಂತೆ! ನಮ್ಮ ದುಗ್ಗಿ ಕಣೇ ಇದು.
ರಾಜರು ಕತ್ತಿ ಹಿರಿದಾಗ ನಡುವೆ ನುಗ್ಗಿ
ಇಬ್ಬರ ಮೂತಿಗೂ ತಿವಿಯುತ್ತಿದ್ದವಳು.
ಮೊಣಕೈ ನೋಡು, ಕೆಂಪು ದಾರ,
ಇಲಿ ಕಡಿದಲ್ಲಿ ನಾನು ಹೊಲಿದದ್ದು.

ಯಾವ ಶತಮಾನ ಎಂದು ಕೇಳಿದ್ದಾರೆ, ಅಜ್ಜಿ.
ನನ್ನ ಮದುವೆಯಾಗಿ ಎರಡು ಮಳೆಗಾಲ, ಅಂತ ಬರಿ.
ಹೇಗೆ ಹೋದಳು?
ಮಾವ ಕೊಟ್ಟ. ಜೀಪಿನಲ್ಲಿ ಬಂದ ಬಿಳಿಯ
ಬದಲಿಗೆ ಪೆಟ್ರೋಮ್ಯಾಕ್ಸ್ ಇಟ್ಟುಹೋದ.
ಆ ವರ್ಷ ಪರದೆ ಝಗಮಗ; ಜನ ನಗಲಿಲ್ಲ.

ಅವಳ ವಾರಿಗೆಯವರನ್ನೆಲ್ಲ
ತೊಗಲು ಸವೆದ ಮೇಲೆ ಬಟ್ಟೆ ಸುತ್ತಿ,
ಅರಿಶಿನ ಹಚ್ಚಿ, ವೇದಾವತಿಗೆ ಬಿಟ್ಟೆವು.
ಇವಳೊಬ್ಬಳು ಹೊಳೆ ಕಾಣಲಿಲ್ಲ.

ದೀಪ ಎಲ್ಲಿಟ್ಟಿದ್ದಾರೆ, ಅದನ್ನು ಕೇಳು.
ಮುಂದಿಟ್ಟರೆ ಬರೀ ಚರ್ಮ.

ಇದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯಲಿ
ಎಂದು ನಾನು ಪೆನ್ನು ಕಚ್ಚುತ್ತಿರುವಾಗ
ಅಜ್ಜಿ ಎದ್ದು ಹಾಳೆಯನ್ನು ಬಲ್ಬಿಗೆ ಹಿಡಿದಳು.
ಅಂಗಡಿ ಹುಡುಗ ಒಂದು ಬದಿ ಬಳಸಿದ ಕಾಗದಕ್ಕೇ ಹಾಕಿದ್ದ:
ದುಗ್ಗಿಯ ಹೊಟ್ಟೆಯೊಳಗೆ ಯಾರದ್ದೋ ಜಾತಿ ಪ್ರಮಾಣಪತ್ರ
ಅಕ್ಷರ ತಿರುಗುಮುರುಗಾಗಿ,
ತಹಸೀಲ್ದಾರರ ಸೀಲು ಸಮೇತ ಬೆಳಗಿತು.

ಅಜ್ಜಿ ಗಂಟಲು ಸರಿಮಾಡಿಕೊಂಡಳು.