ರಾಡಿ ಹಸಿ ಇದ್ದಾಗ

ಹೊಳಿ ಇಳಿದ ಮೂರನೇ ದಿನ
ಶಾಳಿಯಿಂದ ಗಂಟು ಹೊತ್ತು ಕುರುಂದವಾಡಕ್ಕ ತಿರುಗಿ ಬಂದಿವಿ.
ನೀರಿನ ಗೆರಿ ಎಲ್ಲಾ ಗ್ವಾಡಿಗೂ ಒಂದಽ ಎತ್ತರ ಇತ್ತು.
ನೇಮಗೊಂಡ ಪಾಟೀಲರ ವಾಡೆದಾಗ ಅದು ಏಳನೇ ಮೆಟ್ಟಲ.
ನಮ್ಮಲ್ಲಿ ಸೂರು.

ರಾಡಿದೊಂದು ಗುಣ ಐತಿ:
ಹಸಿ ಇದ್ದಾಗ ಸಲಿಕಿಗೆ ಬರತೈತಿ, ಗಡ್ಡಿ ಮೊಸರಿನಂಗ.
ನಾಕು ಬಿಸಲು ಬಿದ್ದರ ಅದಽ ಹಾಸಗಲ್ಲು.
ಇದು ಪಾಟೀಲರಿಗೂ ಗೊತ್ತಿತ್ತು.
ನಸುಕಿನ್ಯಾಗ ಟ್ರ್ಯಾಕ್ಟರ್ ಓಣಿ ಬಾಯಿಗೆ ಬಂದು ನಿಂತಿತು.
ಆಳಿಗೆ ನಾಕುನೂರು, ಎರಡು ಹೊತ್ತಿನ ಊಟ.

ಹೋದಿವಿ, ಹದಿನೆಂಟು ಮಂದಿ.
ಪಡಸಾಲಿ, ದೇವರ ಖೋಲಿ, ಕಾಳಿನ ಖೋಲಿ,
ಬರೇ ಕಾಲ್ಮರಿ ಇಡಾಕಂತ ಕಟ್ಟಿಸಿದ್ದೊಂದು ಖೋಲಿ.
ಫ್ರಿಜ್ಜು ಅಂಗಾತ ಬಿದ್ದಿತ್ತು, ಒಳಗ ನೀರು,
ನೀರಾಗ ಒಂದು ಮೀನು, ಜೀವಂತ!
ಉಳ್ಳಾಗಡ್ಡಿ ಸುದ್ದಾ ಮುಟ್ಟದ ಮನಿ ಅದು.
ನಾವು ನಕ್ಕಿವಿ. ಪಾಟೀಲರ ಹೆಂಡತಿನೂ ನಕ್ಕಳು,
ತಂಬಿಗ್ಯಾಗ ಹಾಕ್ಕೊಂಡು ತಾನಽ ಹೊಳಿಗೆ ಬಿಟ್ಟು ಬಂದಳು.

ಸಂಜಿಕ ಬಂದು ನೋಡತೇನಿ,
ನನ್ನ ಹೊಸ್ತಿಲ ಮ್ಯಾಲಿನ ರಾಡಿ ಬಿರಕು ಬಿಟ್ಟಿತ್ತು.

ತಲಾಟಿ ಬಂದ, ಪಂಚನಾಮಾ ಬರಕೊಂಡ.
ಪಾಟೀಲರದು ಹನ್ನೊಂದು ಹಾಳಿ.
ನಮ್ಮ ಓಣಿ ಎಲ್ಲಾ ಕೂಡಿ ಒಂದು, ಅದರ ಹಿಂದಿನ ಮಗ್ಗಲ ಖಾಲಿ.
“ಮನಿ ಯಾರ ಹೆಸರಿಲೆ ಐತಿ?”
ಗಾಯರಾನ ಜಾಗಾ, ಸಾಹೇಬ್ರ. ಹೊಳಿ ಹೆಸರಿಲೆ ಅಂತ ಬರಕೋರಿ.
ಅವ ನಗಲಿಲ್ಲ, ಪೆನ್ನಿಗೆ ಟೋಪಿ ಹಾಕಿದ.

ಆ ರಾತ್ರಿ ಹೌಸವ್ವ ಎಲ್ಲಾರನ್ನೂ ಕರದಳು,
ಮುಲ್ಲಾನಿ ಜೈತೂನ ಕಂದೀಲ ತಂದಳು.
ನಾಳಿಂದ ಯಾರೂ ಟ್ರ್ಯಾಕ್ಟರ್ ಹತ್ತಬ್ಯಾಡ್ರಿ.
ದಿನಕ್ಕ ನಾಕು ಮನಿ, ಎಲ್ಲಾರೂ ಕೂಡಿ.
ಮದಲ ಬಾಣಂತಿ ಮನಿ, ಆಮ್ಯಾಲ ಕಣ್ಣಿಲ್ಲದ ದಾನಪ್ಪಂದು,
ಉಳದವರು ಚೀಟಿ ಎತ್ರಿ.
ನನಗ ಬಂದದ್ದು ಏಳನೇ ದಿನ.

ಟ್ರ್ಯಾಕ್ಟರ್ ಹಾರ್ನ್ ಹೊಡೀತು.
ಐದುನೂರು ಅಂದ್ರು. ಏಳುನೂರು ಅಂದ್ರು.
ನಾ ಹತ್ತಿದೆ.
ಸುಳ್ಳು ಯಾಕ ಹೇಳಲಿ, ಮಗಳಿಗೆ ಜ್ವರ ಇತ್ತು,
ಜ್ವರ ಇರದಿದ್ದರೂ ಹತ್ತತಿದ್ದೆ ಏನೋ.

ಇಳದು ಬಂದಾಗ ಯಾರೂ ಮಾತಾಡಲಿಲ್ಲ.
ಮುನ್ನೂರು ರೂಪಾಯಿಗೆ ಬ್ಲೀಚಿಂಗ್ ಪುಡಿ ತಂದು
ಬಾವಿ ಕಟ್ಟಿ ಮ್ಯಾಲ ಇಟ್ಟೆ.
ಹೌಸವ್ವ ಚೀಲ ಮೂಸಿ ನೋಡಿ,
“ಬಾಯಿ ಬಿಗದಿಡು, ಗಾಳಿ ಹತ್ತಿದರ ಜೋರು ಹೋಗತೈತಿ” ಅಂದಳು.
ಅಷ್ಟಽ.

ಏಳನೇ ದಿನ ನನ್ನ ಮನಿಗೆ ಹದಿನೇಳು ಮಂದಿ ಬಂದ್ರು.
ಗುದ್ದಲಿ ಬಿದ್ದಲ್ಲೆ ಟಣ್ ಅಂತಿತ್ತು.
ಒಳಗಿಂದ ನನ್ನ ಲಟ್ಟಣಿಗಿ ಬಂತು,
ಯಾವ ಊರಿನ ಕೂಸಿಂದೋ ಒಂದು ಚಪ್ಪಲಿ ಬಂತು.
ಜೈತೂನ ಅದನ್ನ ತೊಳದು ಗ್ವಾಡಿಗೆ ಒಣಹಾಕಿದಳು,
ಯಾರರೆ ಕೇಳಿಕೋಂತ ಬರತಾರ ಅನ್ನೂವಂಗ.

ಈಗ ಬ್ಯಾಸಗಿ.
ವಾಡೆಗೆ ಹೊಸ ಬಣ್ಣ ಹಚ್ಚ್ಯಾರ, ಗೆರಿ ಕಾಣೂದಿಲ್ಲ.
ನನ್ನ ಅಡಗಿಮನಿ ನೆಲ ಒಂದು ಕಡೆ ಬೆರಳಷ್ಟು ಏರು,
ಹದಿನೇಳು ಮಂದಿ ಬಡದರೂ ಏಳಲಿಲ್ಲ ಅದು.
ಕೊಡ ಇಟ್ಟರ ಬಾಗಲ ಕಡೆ ವಾಲತೈತಿ.
ಬುಡಕ ಒಂದು ಹಂಚಿನ ಚೂರು ಒತ್ತು ಕೊಟ್ಟು
ನಿಲ್ಲಸತೇನಿ.