ಕಾಗದದ ಬೆನ್ನು

ಹೊಳಲ್ಕೆರೆ ರಸ್ತೆ, ಸೈಕಲ್ ಅಂಗಡಿ ಮೇಲಿನ ಮಾಳಿಗೆ.
ಮೆಟ್ಟಿಲ ಬುಡದಲ್ಲಿ ಬೋರ್ಡು:
ಮಾತ್ರೆಯಿಲ್ಲ, ಸೂಜಿಯಿಲ್ಲ, ಇಪ್ಪತ್ತೊಂದು ದಿನ ಪುಕ್ಕಟೆ.
ಪುಕ್ಕಟೆ ಅನ್ನುವುದನ್ನು ಇಬ್ಬರೂ ಎರಡೆರಡು ಸಲ ಓದಿದೆವು.
"ಇದರಾಗೆ ಏನೋ ಐತೆ" ಅಂದರು ಇವರು.
"ಕಲ್ಲೈತಂತೆ" ಅಂದೆ. "ಬಿಸಿ ಕಲ್ಲು.
ಬೆನ್ನಿನ ಕೆಳಗೆ ತಾನೇ ಓಡಾಡ್ತದಂತೆ."
ಇವರು ತಲೆಯೆತ್ತಿ ಕೋಟೆ ಕಡೆ ನೋಡಿದರು.
ಬೇಸಿಗೆಯ ಹನ್ನೊಂದು ಗಂಟೆಗೆ ಇಡೀ ಬೆಟ್ಟ
ಒಲೆ ಮೇಲಿನ ಹಂಚಿನ ಹಾಗೆ ಕಾಯುತ್ತಿತ್ತು.
"ಕಲ್ಲಿಗೇನು ಬರ, ದುರ್ಗದಾಗೆ?"

ಮೇಲೆ ಎರಡು ಸಾಲು ಮಂಚ, ಹಸಿರು ಹೊದಿಕೆ,
ಗೋಡೆಯಲ್ಲಿ ಬಾಗಿದ ಹುಣಸೇಕಾಯಿಯಂಥ ಬೆನ್ನುಮೂಳೆ.
ಬಿಳಿ ಕೋಟಿನ ಹುಡುಗಿ ತುರುವನೂರಿನವಳಂತೆ,
ಮಾತು ಮಾತ್ರ ಟೀವಿಯದು.
ಬರೆದುಕೊಂಡಳು: ಪಾಲಯ್ಯ, ಐವತ್ತೆರಡು. ನುಂಕಮ್ಮ, ನಲವತ್ತೇಳು.
"ದೇಹವೇ ವೈದ್ಯ! ಎಲ್ಲರೂ ಹೇಳಿ!"
ಎಲ್ಲರೂ ಹೇಳಿದರು, ಚಪ್ಪಾಳೆ ತಟ್ಟಿದರು.
ನಾನೂ ತಟ್ಟಿದೆ. ತಟ್ಟುವುದು ನನಗೆ ಹೊಸದೇ,
ಖಾನಾವಳಿಯಲ್ಲಿ ದಿನಕ್ಕೆ ನೂರಾ ನಲವತ್ತು ರೊಟ್ಟಿ.
ಇವರ ಕೈ ಜೇಬಿನಿಂದ ಹೊರಗೆ ಬರಲಿಲ್ಲ.

ಆಮೇಲೆ ಕಾಗದ ಕೊಟ್ಟಳು, ಇಬ್ಬರಿಗೂ ಒಂದೊಂದು.
ಅದರಲ್ಲಿ ಒಬ್ಬ ಮನುಷ್ಯ, ಮುಂದಿನಿಂದ, ಹಿಂದಿನಿಂದ.
ಬಟ್ಟೆಯಿಲ್ಲ, ಕಣ್ಣು ಮೂಗಿಲ್ಲ, ಗಂಡೋ ಹೆಣ್ಣೋ.
"ನೋವಿರುವ ಕಡೆ ಸೊನ್ನೆ ಸುತ್ತಿ."

ನನ್ನದು ಬೇಗ ಮುಗಿಯಿತು: ಮಣಿಕಟ್ಟು, ಕುತ್ತಿಗೆ, ಸೊಂಟ.
ಇವರ ಕನ್ನಡಕ ಮನೆಯಲ್ಲಿ. "ನೀನೇ ಹಾಕು."
ಹಾಕಿದೆ. ಅನುಮಾನವೇ ಇರಲಿಲ್ಲ.
ಇಪ್ಪತ್ತಾರು ವರ್ಷ ಗ್ಯಾಸ್ ಸಿಲಿಂಡರು ಹೊತ್ತ ಬಲ ಹೆಗಲು,
ಎರಡನೇ ಮಹಡಿ, ಮೂರನೇ ಮಹಡಿ, ಚಿಲ್ಲರೆಗೆ ಜಗಳ;
ರಾತ್ರಿ ಉಂಡ ಮೇಲೆ, ಹನ್ನೊಂದು ವರ್ಷದಿಂದ
ನಾನು ಮುಲಾಮು ತಿಕ್ಕಿದ ಬಲ ಹೆಗಲು,
ಕರೆಂಟು ಹೋದರೂ ನನ್ನ ಹೆಬ್ಬೆರಳಿಗೆ ದಾರಿ ತಪ್ಪದ ಜಾಗ.

ಇವರು ಕಾಗದವನ್ನು ದೂರ ಹಿಡಿದು ನೋಡಿದರು.
ಪೆನ್ನು ತೆಗೆದುಕೊಂಡರು.
ಎಡಗಡೆ, ರೆಕ್ಕೆಮೂಳೆಯ ಕೆಳಗೆ,
ಕಡಲೆಕಾಳಿನಷ್ಟು ಸೊನ್ನೆ.

"ಹೊತ್ತಿದ್ದು ಬಲಗಡೆ. ಎಳೆದಿದ್ದು ಎಡಗಡೆ."
"ಯಾವಾಗಿಂದ?"
"ಮೊದಲಿಂದ."
"ಮತ್ತೆ ನಾನು ತಿಕ್ಕುವಾಗ..."
"ಕೈ ಬೆಚ್ಚಗಿತ್ತು" ಅಂದರು, ಕಾಗದದ ಮನುಷ್ಯನಿಗೆ.

ಪಕ್ಕಪಕ್ಕದ ಮಂಚ. ಹಾಡುಹಗಲು ಹೀಗೆ ಮಲಗಿದ್ದು ನೆನಪಿಲ್ಲ.
ಕಲ್ಲು ಹೊರಟಿತು, ಒಂದೊಂದೇ ಗೆಣ್ಣು ಎಣಿಸುತ್ತ,
ಬಾಕಿ ನೋಡುವ ಕಿರಾಣಿ ಶೆಟ್ಟರ ಬೆರಳಿನ ಹಾಗೆ.
ಸುಖವಾಯಿತು. ಸಿಟ್ಟೂ ಬಂತು.
ಹನ್ನೊಂದು ವರ್ಷದ ಮುಲಾಮಿನ ಡಬ್ಬಿಗಳು!
ಒಂದರಲ್ಲಿ ಸೂಜಿದಾರ, ಒಂದರಲ್ಲಿ ಚಿಲ್ಲರೆ,
ಒಂದರಲ್ಲಿ ಮಗಳ ಮೊದಲು ಬಿದ್ದ ಹಲ್ಲು.
ಏನಾದರೂ ಅನ್ನೋಣವೆಂದು ಹೊರಳಿದರೆ
ಇವರು ಬಾಯಿ ತೆರೆದು ನಿದ್ದೆ.

ಹೊರಡುವಾಗ ಹುಡುಗಿ ಮಂಚದ ಬೆಲೆ ಹೇಳಿದಳು,
ಕಂತಿನಲ್ಲೂ ಕೊಡುತ್ತಾರಂತೆ.
"ನಮ್ಮ ಮನೆ ಬಾಗಿಲು ಸಣ್ಣದು" ಅಂದರು ಇವರು,
ಮುಖದಲ್ಲಿ ಒಂದು ಗೆರೆಯೂ ಅಲುಗದೆ.

ರಾತ್ರಿ ಡಬ್ಬಿ ತೆಗೆದೆ. "ತಿರುಗಿ."
ಎಡಗಡೆ ನನಗೆ ಬಸ್ಸಿಳಿದ ಹೊಸ ಊರು.
ಹೆಬ್ಬೆರಳು ಅಲ್ಲಲ್ಲಿ ನಿಂತು ಕೇಳಿತು:
ಇಲ್ಲಾ? ಇನ್ನೂ ಕೆಳಗಾ?
"ಹ್ಞಾಂ" ಅಂದ ಕಡೆ ಒತ್ತಿದೆ.
ನೆನೆದು ಒಣಗಿದ ಹಗ್ಗದ ಗಂಟಿನಂಥದ್ದು ಸಿಕ್ಕಿತು.
ಇವರು ಉಸಿರು ಬಿಟ್ಟ ಸದ್ದು
ಸಿಲಿಂಡರು ಸೋರುತ್ತದೆಯೋ ಎಂದು
ಇವರೇ ಒತ್ತಿ ನೋಡುವಾಗಿನದು.

ಕೈ ಒರೆಸಿಕೊಂಡು ದೀಪ ಆರಿಸಲು ಎದ್ದೆ.
"ಏ, ಈ ಕಡೆಗೂ ಒಂಚೂರು"
ಅಂದರು, ಬಲ ಹೆಗಲು ಒಡ್ಡಿ.
"ಅದಕ್ಕೆ ಅಭ್ಯಾಸ ಆಗೈತೆ."