'ರ' ಗೂಡು

ಅಂಚೆಮನೆಯ ಗೋಡೆಗೆ ಇಪ್ಪತ್ತಾರು ಗೂಡು.
ಇಪ್ಪತ್ತೈದರಲ್ಲಿ ಜೇಡ, ಹಲ್ಲಿಮೊಟ್ಟೆ,
ಹಿಂದಿನ ಪೋಸ್ಟ್‌ಮಾಸ್ಟರು ಮರೆತುಹೋದ ಕನ್ನಡಕ.
ಒಂದರಲ್ಲಿ ಮಾತ್ರ, 'ರ' ಎಂದು ಬರೆದಿರುವುದರಲ್ಲಿ,
ಊರಿಗೆ ಊರೇ ಮೊಣಕೈ ತಾಗಿಸಿಕೊಂಡು ಕೂತಿದೆ:
ರಬಾನೊ, ರಿಕಾಲ್ದೆ, ರೆಂದೊನ್, ರೊಸಾಲ್,
ಆಮೇಲೆ ರೊಬ್ಲೆಸ್, ರೊಬ್ಲೆಸ್, ರೊಬ್ಲೆಸ್.
ನಾನೂ ಒಬ್ಬಳು. ಎಸ್ಕೊಲಾಸ್ತಿಕಾ ರೊಬ್ಲೆಸ್, ವಿಂಗಡಣೆ ಗುಮಾಸ್ತೆ.
ವಿಂಗಡಿಸುವುದಕ್ಕೆ ಏನಿದೆ ಅಂತ ಸಂಬಳ ಕೊಡುತ್ತಾರೋ!

ಅಜ್ಜಿ ಹೇಳುತ್ತಿದ್ದಳು:
ಮೊದಲು ಇಲ್ಲಿ ಎಲ್ಲರೂ ಡೆ ಲಾ ಕ್ರೂಸ್, ಶಿಲುಬೆಯವರು.
ಕಂದಾಯದವನು ಕೂಗಿದರೆ
ನಲವತ್ತು ಮಂದಿ 'ಓ' ಅನ್ನುತ್ತಿದ್ದರು,
ಕೊಡುವವರು ಒಬ್ಬರೂ ಇಲ್ಲ.
ಮನಿಲಾದ ದೊರೆಗೆ ರೇಗಿತು.
ಸ್ಪೇನಿನ ಹೆಸರುಗಳನ್ನು ಅಕ್ಷರಕ್ಕೆ ಅಕ್ಷರ ಪೋಣಿಸಿ
ಪುಸ್ತಕ ಮಾಡಿಸಿ, ಪುಟ ಹರಿದು ಊರೂರಿಗೆ ಹಂಚಿದ,
ಮದುವೆಮನೆಯಲ್ಲಿ ಬಾಳೆಲೆ ಹಾಕಿದ ಹಾಗೆ.
ನಮ್ಮ ಪಾಲಿಗೆ ಬಿದ್ದದ್ದು 'ರ'.

ದೋಣಿಯಲ್ಲಿ ಬರುವಾಗ ಪುಟದ ಅರ್ಧ ನೆನೆದಿತ್ತಂತೆ.
ಓದಲು ಬಂದದ್ದು ಹನ್ನೊಂದೇ ಹೆಸರು.
ಹತ್ತು ಮುಗಿದರೂ ಸಾಲು ಕರಗಲಿಲ್ಲ, ಪಾದ್ರಿಗೆ ಊಟದ ಹೊತ್ತು.
"ಉಳಿದವರೆಲ್ಲ ರೊಬ್ಲೆಸ್" ಎಂದು ಕೈ ತೊಳೆದುಕೊಂಡ.

ರೊಬ್ಲೆಸ್ ಅಂದರೆ ಓಕ್ ಮರಗಳು.
ಮರವಲ್ಲ, ಮರಗಳು.
ನಮ್ಮಲ್ಲಿರುವುದು ತೆಂಗು, ಅಬಾಕಾ ನಾರು, ಪಿಲಿ ಕಾಯಿ,
ಮತ್ತೆ ಹೊಗೆಯಾಡುವ ಮಯೋನ್ ಬೆಟ್ಟ.
ಕಾಣದ ಮರದ ನೆರಳಲ್ಲಿ ಹುಟ್ಟಿ, ಬಸುರಾಗಿ, ಸತ್ತೆವು;
ಗೋರಿಗಳ ಮೇಲೆ ಕಾಡೇ ಎದ್ದಿದೆ.
ಊರಿಗೆ ಬಂದದ್ದು ನೀರಿಗೆ ಬಾರದೆ ಇದ್ದೀತೆ?
ಈಗ ಬಾವಿಕಟ್ಟೆಯಲ್ಲಿ ಬಯ್ಯುವುದಕ್ಕೂ ಅದೇ ಹೆಸರು.

ಶಿಲುಬೆಗೂ ಹಿಂದೆ ನಮ್ಮ ಮನೆಗೆ 'ಉರಾನ್' ಅಂತ ಇತ್ತಂತೆ.
ನಮ್ಮ ಮಾತಿನಲ್ಲಿ, ಮಳೆ.
ಮಗುವಿಗೆ ಜ್ವರ ನೆತ್ತಿಗೇರಿದಾಗ ಮಾತ್ರ
ಅಜ್ಜಿ ಕಿವಿಯಲ್ಲಿ ಅದನ್ನು ಕರೆಯುತ್ತಿದ್ದಳು:
ಕಾಗದದ ಹೆಸರಿಗೆ ಜೀವ ತಿರುಗಿ ನೋಡುವುದಿಲ್ಲ.

ಕಳೆದ ಜುಲೈನಲ್ಲಿ ಒಂದು ಕಾಗದ ಬಂತು, ಸ್ಪೇನಿನ ಚೀಟಿ.
ಚೀಲ ಸೋರಿ ಮೊದಲ ಹೆಸರು ನೀಲಿ ಕೊಳವಾಗಿತ್ತು;
ಉಳಿದದ್ದು ರೊಬ್ಲೆಸ್, ಊರು.
ಗೂಡಿಗೆ ಹಾಕಲು ಮನಸ್ಸಾಗದೆ ಮನೆಮನೆಗೆ ಒಯ್ದೆ.
ಗೌದೆನ್ಸಿಯೊ ಒಡೆದ, ಓದಿದ, "ನಮ್ಮದಲ್ಲ" ಎಂದ,
ಅನ್ನದ ಅಗುಳಿನಿಂದ ಮತ್ತೆ ಅಂಟಿಸಿದ.
ಹದಿನೇಳನೆಯ ಮನೆಯ ಹೊತ್ತಿಗೆ ಲಕೋಟೆಯೇ ಒಂದು ತುತ್ತು.

ಯಾವನೋ ಹಡಗಿನ ಅಡುಗೆಯವ, ಹಿಹೊನ್ ಬಂದರಿನಿಂದ:
"ಇವತ್ತು ರಜೆ. ಗುಡ್ಡ ಹತ್ತಿ ಒಂದು ರೊಬ್ಲೆ ನೋಡಿದೆ.
ತೊಗಟೆ ಅಜ್ಜನ ಹಿಮ್ಮಡಿ ಒಡೆದ ಹಾಗಿದೆ.
ಮುಟ್ಟಿ ನನ್ನ ಹೆಸರು ಹೇಳಿದೆ, ನಾಚಿಕೆಯಾಯಿತು.
ನಾಯಿ ಹಿಡಿದು ಬಂದ ಮುದುಕಿಗೂ ಹೇಳಿದೆ.
ಈ ಹಳ್ಳಿಯಲ್ಲಿ ಆ ಹೆಸರಿನವರು ಯಾರೂ ಉಳಿದಿಲ್ಲ ಮಗಾ, ಅಂದಳು.
ಎಲೆ ಇಟ್ಟಿದ್ದೇನೆ. ಇಂತಿ, ನಿಮ್ಮವ."

ಎಲೆಯ ಅಂಚು ಪುಟ್ಟ ಮಗು ಕತ್ತರಿಸಿದಂತೆ ಅಂಕುಡೊಂಕು.
ಮೂಸಿದರು. ದೀಪಕ್ಕೆ ಹಿಡಿದು ನರ ಎಣಿಸಿದರು.
ಮೊದಮೊದಲು ನಮ್ಮದಲ್ಲ ಅಂದವರು
ಕತ್ತಲಾಗುತ್ತ ನಮ್ಮದೇ ಇರಬೇಕು ಅನ್ನತೊಡಗಿದರು,
ಹಡಗಿಗೆ ಯಾರನ್ನೂ ಕಳಿಸದ ವಿಧವೆ ಬಾಸಿಲಿಸಾ ಕೂಡ.
ಕೈಯಿಂದ ಕೈಗೆ ಹೋಗಿ ಎಲೆ ಪುಡಿಯಾಯಿತು, ತೊಟ್ಟು ಉಳಿಯಿತು.

ವಾರಸುದಾರರಿಲ್ಲದ ಕಾಗದ ಮನಿಲಾಕ್ಕೆ ಮರಳಬೇಕೆಂದು ಕಾನೂನು.
ನಿನ್ನೆ ಸಂಜೆ ಮಳೆ ಹಿಡಿದಾಗ ಸ್ಟೂಲು ಹತ್ತಿ
'ಉ' ಗೂಡಿನ ಜೇಡವನ್ನು ಊದಿ ಎಬ್ಬಿಸಿ
ಅಲ್ಲಿಟ್ಟೆ.

ಬೀಗ ಹಾಕುವಾಗ ನೋಡಿದರೆ
ಜೇಡ 'ರ' ಗೂಡಿಗೇ ಹೋಗಿ ಕೂತಿತ್ತು.